ಓಡಿತು ಅಂತ ನಂಬಬೇಡಿ: ಪ್ರೊಸೆಸರ್‌ಗೆ ಪೇಂಟ್ ಹಚ್ಚಿ ಕೆಟ್ಟ ಕಥೆ

ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ ಮೊಬೈಲ್ ಹಿಡಿದು ಬಂದ. ಹಳೇ ಪ್ರೊಸೆಸರ್‌ನ ಕೆಳಗೆ ಚೂರು ಟೇಪ್ ಅಂಟಿಸಿ ಸ್ಪೀಡ್ ಏರಿಸುವ ವಿಡಿಯೋ. "ಅಣ್ಣಾ, ಇದು ನಿಜಾನಾ?" ಅಂದ. ನಿಜಾನೇ, ಅದೇ ತಾಪತ್ರಯ. ಸುಳ್ಳಾಗಿದ್ದರೆ 2018ರಲ್ಲಿ ನಾನು ನಮ್ಮ ಮಾವನ ಕಂಪ್ಯೂಟರ್ ಹಾಳು ಮಾಡುತ್ತಿರಲಿಲ್ಲ.

ಮಾವನದು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಸಣ್ಣ ಜೀನ್ಸ್ ಹೊಲಿಗೆ ಯೂನಿಟ್. ತಗಡಿನ ಸೂರು, ಹನ್ನೆರಡು ಮಷಿನ್, ಮೂಲೆಯಲ್ಲೊಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ಬಿಲ್ಲು, ಜಿಎಸ್‌ಟಿ ಎಲ್ಲ ಅದರಲ್ಲೇ. ಒಂದು ಬಿಲ್ ತೆಗೆಯುವಷ್ಟರಲ್ಲಿ ಹೊರಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ನಾನು ಸರಿ ಮಾಡ್ತೀನಿ ಅಂತ ಮುಂದೆ ಬಿದ್ದೆ. ಯಾರೂ ಕೇಳಿರಲಿಲ್ಲ.

ಒಳಗಿದ್ದ ಪ್ರೊಸೆಸರ್ ಚಿಪ್ ಇಂಟೆಲ್ ಕೋರ್ 2 ಡ್ಯುಯೊ ಇ4300. ವೇಗ 1.8 ಗಿಗಾಹರ್ಟ್ಸ್. ಮದರ್‌ಬೋರ್ಡ್ 200 ಮೆಗಾಹರ್ಟ್ಸ್ ಕೊಡುತ್ತೆ, ಚಿಪ್ ಅದನ್ನು 9ರಿಂದ ಗುಣಿಸಿಕೊಳ್ಳುತ್ತೆ. ಆ 9ನ್ನು ಏರಿಸೋಕೆ ಆಗಲ್ಲ, ಲಾಕ್ ಇದೆ. 200 ಅನ್ನಾದರೂ ಏರಿಸೋಣ ಅಂದ್ರೆ ಕಂಪನಿಯೇ ಜೋಡಿಸಿ ಮಾರಿದ ಡೆಸ್ಕ್‌ಟಾಪ್‌ನ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಸಿಗುವ ಸೆಟ್ಟಿಂಗ್ ಮೆನು) ಆ ಆಯ್ಕೆಯೇ ಇಲ್ಲ. ಆದರೆ ಎಷ್ಟು ಮೆಗಾಹರ್ಟ್ಸ್ ಬೇಕು ಅಂತ ಚಿಪ್ ಬೋರ್ಡ್‌ಗೆ ಹೇಳೋದು ಕೆಳಗಿರುವ ಬಿಎಸ್‌ಇಎಲ್ ಅನ್ನೋ ಮೂರು ಚುಕ್ಕೆಗಳಿಂದ. ಅದರಲ್ಲಿ ಒಂದನ್ನು ಸೊನ್ನೆ ವೋಲ್ಟಿನ ಗ್ರೌಂಡ್ ಚುಕ್ಕೆಗೆ ಜೋಡಿಸಿದರೆ ಬೋರ್ಡ್ 266 ಅಂತ ತಿಳಿದುಕೊಳ್ಳುತ್ತೆ. ಲೆಕ್ಕ ಹಾಕಿ, 2.4 ಗಿಗಾಹರ್ಟ್ಸ್! ಪುಕ್ಕಟೆ!

ಇದೇನೂ ಹೊಸ ವಿದ್ಯೆ ಅಲ್ಲ. 2000ದ ಹೊತ್ತಿನ ಎಎಮ್‌ಡಿ ಅಥ್ಲಾನ್ ಚಿಪ್‌ಗಳ ಮೇಲಿನ ಗೆರೆಗಳನ್ನು ಜನ ಪೆನ್ಸಿಲ್‌ನಿಂದ ತಿದ್ದಿ ಲಾಕ್ ತೆಗೆಯುತ್ತಿದ್ದರು.

ನಾನು ಕಾರಿನ ಹಿಂದಿನ ಗಾಜಿನ ಹೀಟರ್ ಗೆರೆ ರಿಪೇರಿಗೆ ಬಳಸುವ ಸಿಲ್ವರ್ ಪೇಂಟ್ ತಂದೆ. ಚುಕ್ಕೆಗಳು ಸಾಸಿವೆ ಕಾಳಿಗಿಂತ ಚಿಕ್ಕವು. ಸೂಜಿ ತುದಿಗೆ ಪೇಂಟ್ ಅದ್ದಿ, ಮೊಬೈಲ್ ಟಾರ್ಚ್ ಹಚ್ಚಿ, ಉಸಿರು ಬಿಗಿಹಿಡಿದು ಎಳೆದೆ. ಮೂರನೇ ಸಲ ಸರಿಯಾಯ್ತು. ಚಿಪ್‌ನ ಬಿಸಿ ಎಳೆಯುವ ಹೀಟ್‌ಸಿಂಕ್‌ನ ಸಂದಿಯಲ್ಲಿ ನೀಲಿ ಜೀನ್ಸ್ ಧೂಳು ಕಂಬಳಿ ಥರ ಕೂತಿತ್ತು. ಮೇಲೆ ಮೇಲೆ ಒರೆಸಿದೆ. ಅದಕ್ಕೂ ಚಿಪ್‌ಗೂ ಮಧ್ಯೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿತ್ತು, ಅದರ ಮೇಲೇ ಕೂರಿಸಿದೆ. ಈಗ ಬರೆಯುವಾಗಲೂ ನಾಚಿಕೆ ಆಗುತ್ತೆ.

ಆನ್ ಮಾಡಿದ್ರೆ 2.4 ಅಂತ ತೋರಿಸಿತು. "ಕೈಗುಣ ಐತಲ್ಲೋ ಅಳಿಯ" ಅಂತ ಮಾವ ಒಗ್ಗರಣೆ ಮಿರ್ಚಿ ತರಿಸಿದರು.

ಅವತ್ತೇ ಆನ್ ಆಗದೆ ಸತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಏಪ್ರಿಲ್ ಪೂರ್ತಿ ಓಡಿತು. ನಮ್ಮ ಬಿಸಿಲು ಗೊತ್ತಲ್ಲ, ಮಧ್ಯಾಹ್ನ 40 ಡಿಗ್ರಿ ದಾಟುತ್ತೆ. ಮೂರು ಗಂಟೆ ಸುಮಾರಿಗೆ ಆಗಾಗ ಹ್ಯಾಂಗ್ ಆಗೋದು, ಒಮ್ಮೊಮ್ಮೆ ನೀಲಿ ಸ್ಕ್ರೀನ್. ಕರೆಂಟ್ ಸರಿ ಇಲ್ಲ ಅಂದ್ಕೊಂಡು ರೀಸ್ಟಾರ್ಟ್ ಮಾಡ್ತಾ ಹೋದ್ವಿ. ಹೀಗೆ ಚಿಪ್‌ನ ವೇಗ ಏರಿಸೋದಕ್ಕೆ ಓವರ್‌ಕ್ಲಾಕ್ ಅಂತಾರೆ. ಅದು ಸ್ಥಿರ ಇಲ್ಲದಿದ್ದರೆ ಕಂಪ್ಯೂಟರ್ ಬರೀ ಹ್ಯಾಂಗ್ ಆಗಲ್ಲ. ಎಣಿಕೆಯಲ್ಲಿ ತಪ್ಪುತ್ತೆ, ಆ ತಪ್ಪನ್ನೇ ಡಿಸ್ಕ್‌ಗೆ ಬರೆದಿಡುತ್ತೆ, ಯಾರಿಗೂ ಹೇಳಲ್ಲ.

ಮೇ 18ಕ್ಕೆ ಟ್ಯಾಲಿ ಡೇಟಾ ತೆರೆಯಲಿಲ್ಲ. ಬ್ಯಾಕಪ್ ಅದೇ ಡಿಸ್ಕ್‌ನಲ್ಲಿ, ಅದೂ ಕೆಟ್ಟಿತ್ತು. ಪೆನ್‌ಡ್ರೈವ್‌ನಲ್ಲಿ ಸಿಕ್ಕಿದ್ದು ಮಾರ್ಚ್ ಕೊನೆಯದು. ಒಂದೂವರೆ ತಿಂಗಳ ಬಿಲ್ಲಿನ ಕಟ್ಟು ಬಿಚ್ಚಿಕೊಂಡು ಅಕೌಂಟ್ಸ್ ನೋಡುವ ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ರಾತ್ರಿ ಕೂತೆ. ಆ ಸಲ 22ರವರೆಗೆ ಗಡುವಿದ್ದ ಜಿಎಸ್‌ಟಿಆರ್-3ಬಿ, ಅಂದ್ರೆ ತಿಂಗಳ ಜಿಎಸ್‌ಟಿ ರಿಟರ್ನ್, 25ಕ್ಕೆ ಹೋಯ್ತು. ದಿನಕ್ಕೆ 50 ರೂಪಾಯಿಯಂತೆ 150 ದಂಡ. ದುಡ್ಡು ಜಾಸ್ತಿ ಅಲ್ಲ, ಆದರೆ ಮಾವ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪೇಂಟ್ ತೆಗೆದು ಮೊದಲಿನಂತೆ ಮಾಡೋಣ ಅಂತ ಹೋಗಿ ಇನ್ನೂ ಕೆಡಿಸಿದೆ. ಕೆರೆಯುವಾಗ ಪೇಂಟ್ ಚೂರು ಬೋರ್ಡ್‌ನಲ್ಲಿ ಚಿಪ್ ಕೂರುವ ಸಾಕೆಟ್‌ಗೆ ಬಿತ್ತು. ಈ ಚಿಪ್‌ಗಳಲ್ಲಿ ಪಿನ್ನು ಇರೋದು ಬೋರ್ಡ್‌ನಲ್ಲಿ, 775 ಪಿನ್ನು, ಕೂದಲಿನ ಹಾಗೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಒರೆಸಿದೆ. ಹತ್ತಿಯ ಎಳೆ ಸಿಕ್ಕಿಕೊಂಡು ಮೂರು ಪಿನ್ನು ಬಾಗಿದವು. ಬೋರ್ಡೂ ಹೋಯ್ತು.

ರಿಪೇರಿ ಅಂಗಡಿಯವರು ತೆರೆದು ನೋಡಿ, "1 ಜಿಬಿ ರ‍್ಯಾಮ್, ಈ ಮುದಿ ಹಾರ್ಡ್ ಡಿಸ್ಕ್. ಇದಕ್ಕೆ ಪ್ರೊಸೆಸರ್ ಏನು ಮಾಡ್ತದ್ರೀ?" ಅಂದರು. ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಹಾಕಿ ರ‍್ಯಾಮ್ ಏರಿಸಿದ್ದರೆ ಮುಗಿದಿತ್ತು.

ಓವರ್‌ಕ್ಲಾಕ್ ಮಾಡಲೇಬೇಕು ಅಂತಿದ್ದರೆ ಹೆಸರಿನ ಕೊನೆಗೆ 'ಕೆ' ಇರುವ ಇಂಟೆಲ್ ಚಿಪ್ ಜೊತೆ ಝಡ್ ಸರಣಿಯ ಬೋರ್ಡ್, ಅಥವಾ ಲಾಕ್ ಇಲ್ಲದ ರೈಜನ್ ತಗೊಳ್ಳಿ, ಬಯೋಸ್‌ನಲ್ಲೇ ಮಾಡಿ. ತಪ್ಪಿದರೆ ಸೆಟ್ಟಿಂಗ್ ವಾಪಸ್ ತರಬಹುದು. ಯಾರದೋ ದುಡಿಮೆಯ ಲೆಕ್ಕ ಇರುವ ಕಂಪ್ಯೂಟರ್ ಮೇಲೆ ಮಾತ್ರ ಬೇಡ.

ಆ ಹುಡುಗನ ಮನೆಗೆ ಹೋಗಿ, ಯಾವುದರ ಮೇಲೆ ಎಷ್ಟು ಹೊರೆ ಇದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ವಿ. ಪ್ರೊಸೆಸರ್ ಶೇಕಡಾ 20ರ ಹತ್ತಿರ ಆರಾಮಾಗಿತ್ತು. ಡಿಸ್ಕ್ 100.