ಊಟಿಯಿಂದ ಇಳಿಯುವಾಗ ಚಾಲಕನ ಗೇರ್ ಮೇಲೆ ಕಣ್ಣಿಡಿ

ಊಟಿಯಿಂದ ಗೂಡಲೂರು, ಮುದುಮಲೈ, ಬಂಡೀಪುರ ಹಾದು ಮೈಸೂರಿಗೆ ಬಾಡಿಗೆ ಗಾಡಿಯಲ್ಲಿ ಮರಳುವವರು ದಯವಿಟ್ಟು ಇದನ್ನು ಓದಿ. ನಡುವಟ್ಟಂ ದಾಟಿದ ಮೇಲಿನ ಇಳಿಜಾರಿನಲ್ಲಿ ನಮ್ಮ ಟಿ.ಟಿ.ಯ (ಟೆಂಪೊ ಟ್ರಾವೆಲರ್) ಬ್ರೇಕ್ ಕೈಕೊಟ್ಟಿತು. ಒಳಗೆ ಮಕ್ಕಳೂ ವಯಸ್ಸಾದವರೂ ಇದ್ದರು. ಎಲ್ಲರೂ ಬದುಕಿದ್ದೇವೆ. ಆದರೆ ಇದು ಆಕಸ್ಮಿಕವಲ್ಲ, ಬೆಳಗ್ಗೆಯಿಂದಲೇ ಇದಕ್ಕೆ ದಾರಿಯಾಗುತ್ತಿತ್ತು.

ಮನೆಗೆ ಹೋಗುವ ದಾರಿಯನ್ನೇ ಪ್ರವಾಸವಾಗಿಸಬೇಕು ಎಂಬುದು ನಮ್ಮ ಆಸೆ. ಪೈಕಾರ ಕೆರೆ, ಶೋಲಾ ಕಾಡಿನ ನಡುವಿನ ಹುಲ್ಲುಗಾವಲು, ನಡುವಟ್ಟಂನ ಚಹಾ ತೋಟ, ಸಂಜೆಯ ಬೆಳಕಿನಲ್ಲಿ ಮುದುಮಲೈ ಕಾಡು. ಮಧ್ಯಾಹ್ನಕ್ಕೆ ಮೊದಲೇ ಊಟಿ ಬಿಡುವುದೆಂದು ಏಜೆಂಟ್ ಒಪ್ಪಿಕೊಂಡಿದ್ದರು. ಆದರೆ ಚಾಲಕ ಚಾಕೊಲೇಟ್ ಅಂಗಡಿ, ನೀಲಗಿರಿ ಎಣ್ಣೆ ಅಂಗಡಿ, ಚಹಾಪುಡಿ ಅಂಗಡಿ ಎಂದು ಒಂದಾದ ಮೇಲೊಂದು ಕಡೆ ನಿಲ್ಲಿಸಿದ. ಬೇಡವೆಂದರೂ "ಐದೇ ನಿಮಿಷ" ಎನ್ನುತ್ತಿದ್ದ. ಇಂಥ ಅಂಗಡಿಗಳಲ್ಲಿ ಗಿರಾಕಿಗಳನ್ನು ಕರೆತಂದವರಿಗೆ ಕಮಿಷನ್ ಸಿಗುತ್ತದೆ. ಆ ಕಮಿಷನ್ನಿಗಾಗಿ ನಮ್ಮ ಹಗಲು ಕರಗಿತು. ಪೈಕಾರ ನೋಡಲಾಗಲಿಲ್ಲ.

ಕತ್ತಲಾಗುತ್ತಿದ್ದಂತೆ ಅವನಿಗೆ ರಾತ್ರಿ ಮುಚ್ಚುವ ಕಾಡಿನ ಗೇಟಿನ ನೆನಪಾಯಿತು. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. 2009ರಿಂದ ಇರುವ ಈ ನಿಯಮ ಕಾಡುಪ್ರಾಣಿಗಳು ಚಕ್ರದಡಿ ಸಾಯಬಾರದೆಂದು ಬಂದದ್ದು, ಬೇಕಾದದ್ದೇ. ಅದರ ಹೆಸರಿನಲ್ಲಿ ಘಾಟಿಯಲ್ಲಿ ಓಡುವುದು ಮಾತ್ರ ಅನ್ಯಾಯ. ಮಸಿನಗುಡಿಯ ಕಡೆಗಿರುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಹೊರಗಿನ ವಾಹನಗಳನ್ನು ಅಲ್ಲಿ ಕೆಳಗೆ ಇಳಿಯಲು ಬಿಡುವುದಿಲ್ಲ. ಹಾಗಾಗಿ ಗೂಡಲೂರಿನ ದಾರಿ ಸುರಕ್ಷಿತ ಎಂದು ನಾವು ನಂಬಿದ್ದೆವು. ರಸ್ತೆ ಒಳ್ಳೆಯದೇ. ಆದರೆ ಊಟಿ 2,200 ಮೀಟರಿಗೂ ಎತ್ತರದಲ್ಲಿದೆ, ಗೂಡಲೂರು ಅದಕ್ಕಿಂತ ಸಾವಿರ ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ.

ಇಳಿಜಾರಿನಲ್ಲಿ ಎಂಜಿನ್ ಸದ್ದು ಇದ್ದಕ್ಕಿದ್ದಂತೆ ತಗ್ಗಿತು. ಮುಂದೆ ಕುಳಿತಿದ್ದ ಭಾವ ನೋಡಿದರೆ ಗಾಡಿ ನ್ಯೂಟ್ರಲ್‌ನಲ್ಲಿ ಓಡುತ್ತಿದೆ. ಗೇರ್ ಹಾಕಪ್ಪಾ ಎಂದರೆ, "ಡೀಸೆಲ್ ಉಳಿಯುತ್ತದೆ ಸರ್, ನನಗೆ ದಿನವೂ ಓಡಿಸುವ ದಾರಿ" ಎಂಬ ಉತ್ತರ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಅವನು ಪೆಡಲ್ ತುಳಿದರೆ ಅದು ಸ್ಪಂಜಿನಂತೆ ಒಳಗಿಳಿಯಿತು. ಗಾಡಿ ಎದುರು ಬದಿಗೆ ನುಗ್ಗಿತು. ಏರಿ ಬರುತ್ತಿದ್ದ ಸರ್ಕಾರಿ ಬಸ್ಸಿನ ಚಾಲಕರು ಅಪಾಯ ಗುರುತಿಸಿ ತಕ್ಷಣ ನಿಂತುಬಿಟ್ಟರು. ಅವರಿಂದಾಗಿ ಸಿಕ್ಕ ಜಾಗದಲ್ಲಿ ನಮ್ಮ ಗಾಡಿ ಗುಡ್ಡದ ಬದಿಯ ಚರಂಡಿಗೆ ಇಳಿದು, ಮಣ್ಣಿಗೆ ಉಜ್ಜಿಕೊಂಡು ನಿಂತಿತು. ಅತ್ತೆಯವರ ಹಣೆ ಮುಂದಿನ ಸೀಟಿಗೆ ಬಡಿದು ಊದಿಕೊಂಡಿತು. ಆ ಬಸ್ ಚಾಲಕರಿಗೆ ನಾವು ಜೀವಮಾನವಿಡೀ ಋಣಿಗಳು.

ಡೀಸೆಲ್ ಉಳಿಯುತ್ತದೆ ಎಂಬ ಮಾತೇ ಸುಳ್ಳು. ಈಗಿನ ಎಂಜಿನ್‌ಗಳಲ್ಲಿ ಗೇರ್ ಹಾಕಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿದರೆ ಇಂಧನ ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರಲು ಇಂಧನ ಬೇಕೇ ಬೇಕು. ಗೇರ್ ತೆಗೆದರೆ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹಳೆಯದಾದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಪೆಡಲ್ ಒತ್ತಿದ ಬಲ ಚಕ್ರ ತಲುಪುವುದಿಲ್ಲ. ಕೆಲವರು ಎಂಜಿನ್ನನ್ನೇ ಆಫ್ ಮಾಡುತ್ತಾರೆ. ಅದು ಇನ್ನೂ ಘೋರ: ಕೆಲವೇ ಸಲ ತುಳಿಯುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ, ಸ್ಟಿಯರಿಂಗ್ ಬಿಗಿಯುತ್ತದೆ.

ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಎಂದು ಘಾಟಿ ಬಲ್ಲ ಚಾಲಕರು ಹೇಳುತ್ತಾರೆ. ವಾಸನೆ ಬಂದರೆ, ಪೆಡಲ್ ಮೆದುವಾದರೆ ಗಾಡಿ ನಿಲ್ಲಿಸಿ ಎಲ್ಲರೂ ಇಳಿದುಬಿಡಿ. ಚಕ್ರಕ್ಕೆ ನೀರು ಸುರಿಯಬೇಡಿ, ಬಿಸಿ ಲೋಹ ಸೀಳಬಹುದು. ಗಾಡಿ ನಿಲ್ಲದೇ ಹೋದರೆ ಒಂದೊಂದಾಗಿ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಜಗ್ಗದೆ ನಿಧಾನವಾಗಿ ಎಳೆದು, ಗುಡ್ಡದ ಬದಿಗೆ ತಿರುಗಿಸುವುದೇ ಉಳಿದ ಉಪಾಯ.

ಬ್ರೇಕ್ ತಣ್ಣಗಾದ ಮೇಲೆ ತೆವಳುತ್ತಾ ಗೂಡಲೂರು ತಲುಪುವಾಗ ಗೇಟಿನ ಸಮಯ ಮೀರಿತ್ತು. ರಾತ್ರಿ ಅಲ್ಲಿನ ಲಾಡ್ಜ್‌ನಲ್ಲಿ ಕಳೆದೆವು. ಬೆಳಗ್ಗೆ ಏಜೆಂಟ್ ಕ್ಷಮೆ ಕೇಳುವ ಬದಲು ಹೆಚ್ಚುವರಿ ದಿನದ ಬಾಡಿಗೆಯನ್ನೂ ಚಾಲಕನ ಬಾಟಾವನ್ನೂ ಕೇಳಿದರು. "ಎಲ್ಲರೂ ಹೀಗೇ ಓಡಿಸುವುದು" ಎಂದರು. ನಾವು ಕೊಡಲಿಲ್ಲ, ಬೇರೆ ಗಾಡಿ ಮಾಡಿಕೊಂಡು ಬಂದೆವು.

ನೀವು ಮುಂಗಡ ಕೊಡುವ ಮೊದಲೇ ಅಂಗಡಿಗಳಲ್ಲಿ ನಿಲ್ಲಿಸಕೂಡದು, ಘಾಟಿಯಲ್ಲಿ ನ್ಯೂಟ್ರಲ್ ಹಾಕಕೂಡದು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಏಜೆಂಟರಿಂದ ಒಪ್ಪಿಗೆ ಪಡೆಯಿರಿ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದಾರೆಂದು ಕೇಳಿ. ಸಂಜೆ ನಾಲ್ಕರೊಳಗೆ ಊಟಿ ಬಿಡಲಾಗದಿದ್ದರೆ ಅಲ್ಲೇ ಉಳಿದು ಮರುದಿನ ಬೆಳಗ್ಗೆ ಹೊರಡಿ. ಚಾಲಕನ ಪಕ್ಕದ ಸೀಟಿನಲ್ಲಿ ಗಾಡಿ ಓಡಿಸಲು ಬಲ್ಲವರೇ ಕೂರಲಿ, ಗೂಡಲೂರು ಬರುವವರೆಗೂ ಎಚ್ಚರವಾಗಿರಲಿ.