ಬಿಳಿ ಗೋಡೆಯ ಅಂಗಡಿಗೆ ಮುಂಗಡ ಕೊಡುವ ಮುನ್ನ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬ್ಯಾಗು, ಬೆಲ್ಟು, ಪರ್ಸು, ಸ್ಟೋಲ್, ಕಿವಿಯೋಲೆಗಳ ನಮ್ಮ ಮುಖ್ಯ ಮಳಿಗೆಯನ್ನು ಮಿನಿಮಲಿಸ್ಟ್ ಶೈಲಿಯಲ್ಲಿ, ಅಂದರೆ ಅಲಂಕಾರವನ್ನು ಆದಷ್ಟು ಕಳೆದು ಸರಳವಾಗಿ, ಮಾಡಿಸಿದೆವು. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಮರಗೆಲಸದ ಅರ್ಧದಷ್ಟನ್ನು ಕಿತ್ತು ಹಾಕಬೇಕಾಯಿತು. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಇಂಥದೇ ಅಂಗಡಿ ಮಾಡಿಸಲು ಹೊರಟಿರುವವರಿಗೆ ಈ ನಷ್ಟ ಆಗದಿರಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ. ಕೆಲಸ ಮಾಡಿಕೊಟ್ಟವರ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ವಿನ್ಯಾಸಕರು ಮೊದಲ ದಿನ ತೋರಿಸಿದ್ದು 1995ರಲ್ಲಿ ಬ್ರಿಟನ್ನಿನ ವಾಸ್ತುವಿನ್ಯಾಸಕ ಜಾನ್ ಪಾಸನ್ ಅವರು ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂನಲ್ಲಿ ಕ್ಯಾಲ್ವಿನ್ ಕ್ಲೈನ್ ಎಂಬ ಉಡುಪಿನ ಕಂಪನಿಗಾಗಿ ರೂಪಿಸಿದ ಮಳಿಗೆಯ ಚಿತ್ರಗಳನ್ನು: ಕಲ್ಲಿನ ನೆಲ, ಬಿಳಿ ಗೋಡೆ, ಎಣಿಸಿದಷ್ಟೇ ವಸ್ತುಗಳು. ನನಗೆ ಆ ಶೈಲಿ ಇಂದಿಗೂ ಇಷ್ಟ. ಸಾಮಾನು ತುಂಬಿ ತುಳುಕುವ ಅಂಗಡಿ ಸಾಲಿನಲ್ಲಿ ಸುತ್ತ ಖಾಲಿ ಜಾಗ ಬಿಟ್ಟು ಒಂದೇ ಬ್ಯಾಗನ್ನು ಇಟ್ಟರೆ ಗಿರಾಕಿ ನೇರ ಅದರ ಬಳಿಗೇ ಬರುತ್ತಾರೆ. ಯುಗಾದಿಯಿಂದ ಮೇ ಕೊನೆಯವರೆಗೆ ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಈ ಶೈಲಿಯಲ್ಲಿ ಅಲಂಕಾರ ಕಡಿಮೆಯೇ ಹೊರತು ಕೆಲಸ ಕಡಿಮೆಯಲ್ಲ. ಸಾಮಾನ್ಯ ಅಂಗಡಿಯಲ್ಲಿ ಗೋಡೆ ನೆಲಕ್ಕೆ ಸೇರುವ ಸಂದನ್ನು ಸ್ಕರ್ಟಿಂಗ್ ಮುಚ್ಚುತ್ತದೆ, ಹಲಗೆಯ ಅಂಚನ್ನು ಬೀಡಿಂಗ್ ಕಾಯುತ್ತದೆ, ಬಾಗಿಲು ಸ್ವಲ್ಪ ಉಬ್ಬಿದರೂ ಹಿಡಿಕೆ ಹಿಡಿದು ಎಳೆದರೆ ತೆರೆದುಕೊಳ್ಳುತ್ತದೆ. ಇವೆಲ್ಲವನ್ನೂ ತೆಗೆದುಹಾಕಿದಾಗ ಬಳಸುವ ಹಲಗೆ ಥಂಡಿಗೆ ಉಬ್ಬದಂಥದ್ದಾಗಿರಬೇಕು. ನಮಗೆ ಹಾಕಿದ್ದು ಸಾದಾ ಎಂಡಿಎಫ್. ಅದು ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ. ಕೊಯ್ದ ಅಂಚಿನಿಂದ ಒಮ್ಮೆ ನೀರು ಹೀರಿ ಉಬ್ಬಿದರೆ ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಸ್ಕರ್ಟಿಂಗ್ ಬದಲಿಗೆ ಗೋಡೆಯ ಬುಡದಲ್ಲಿ ಬಿಟ್ಟಿದ್ದ ಸಣ್ಣ ಸಂದಿನೊಳಕ್ಕೆ ದಿನವೂ ನೆಲ ಒರೆಸುವ ನೀರು ಇಳಿಯುತ್ತಿದ್ದದ್ದು ನಮ್ಮ ಗಮನಕ್ಕೇ ಬಂದಿರಲಿಲ್ಲ.

ಆರಿದ್ರಾ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಕೆಳಗಿನ ಶೆಲ್ಫಿನ ಅಂಚಿಗೆ ಬೆರಳು ತಾಗಿದಾಗ ಬಣ್ಣದಡಿಯಲ್ಲಿ ಅಕ್ಕಿಕಾಳಿನಂಥ ಉಬ್ಬುಗಳು ಸಿಕ್ಕವು. ಅಳತೆ ಹಿಡಿದು ನೋಡಿದರೆ 18 ಮಿಲಿಮೀಟರಿನ ಹಲಗೆ ಅಲ್ಲಿ 22 ಮಿಲಿಮೀಟರ್ ಆಗಿತ್ತು. ಒತ್ತಿದರೆ ತೆರೆಯಬೇಕಾದ, ಹಿಡಿಕೆಯಿಲ್ಲದ ಕಪಾಟಿನ ಬಾಗಿಲುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ನಮ್ಮ ಅಂಗಡಿಯ ಹುಡುಗಿ ಸ್ಟೀಲ್ ಸ್ಕೇಲ್ ತೂರಿಸಿ ಮೀಟಿ ತೆಗೆದಳು. ಒಳಗೆ ದಾಸ್ತಾನಿಟ್ಟಿದ್ದ ಕಂದು ಬಣ್ಣದ ಚರ್ಮದ ಬ್ಯಾಗುಗಳ ಮೇಲೆಲ್ಲ ಬೂಷ್ಟು ಹಿಡಿದಿತ್ತು. ಭುಜದ ಪಟ್ಟಿ ಮಡಿಸಿಟ್ಟಿದ್ದ ಜಾಗ ಮಾತ್ರ ಪಟ್ಟಿಯದೇ ಆಕಾರದಲ್ಲಿ ಸ್ವಚ್ಛವಾಗಿ ಉಳಿದಿತ್ತು. ಒರೆಸಿಟ್ಟರೆ ನಾಲ್ಕೇ ದಿನಕ್ಕೆ ಮತ್ತೆ ಬಂತು. ಜಡಿಮಳೆಗೆ ನೆನೆಯುವ ಪಡುವಣ ಗೋಡೆಗೆ ಕಪಾಟನ್ನು ಗಾಳಿಯಾಡಲು ಎಡೆಯಿಲ್ಲದಂತೆ ಅಂಟಿಸಿದ್ದೇ ಅದಕ್ಕೆ ಕಾರಣ. ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆ ನೆನೆಯದಂತೆ ಅಡಿಕೆ ಸೋಗೆ ಕಟ್ಟುತ್ತಿದ್ದ ಮನೆಯಲ್ಲಿ ಹುಟ್ಟಿದ ನಾನು ಇದನ್ನು ಮೊದಲೇ ಕೇಳಬೇಕಿತ್ತು.

ದೀಪದ ವಿಷಯದಲ್ಲೂ ಮೋಸ ಹೋದೆವು. ವಸ್ತುಗಳು ಕಡಿಮೆಯಿರುವ ಅಂಗಡಿಯಲ್ಲಿ ಬೆಳಕೇ ಮುಖ್ಯ. ನಮಗೆ ಹಾಕಿಕೊಟ್ಟ 6500 ಕೆಲ್ವಿನ್‌ನ, ಅಂದರೆ ನೀಲಿ ಛಾಯೆಯ ಬಿಳಿ ಬೆಳಕಿನ, ಅಗ್ಗದ ದೀಪಗಳಡಿ ಮರೂನ್ ಬಣ್ಣ ಕಂದಾಗಿ ಕಾಣುತ್ತಿತ್ತು, ಗಿರಾಕಿಗಳು ಬ್ಯಾಗನ್ನು ಬಾಗಿಲಿನ ಬೆಳಕಿಗೆ ಒಯ್ದು ನೋಡುತ್ತಿದ್ದರು. ಈಗ ಹಾಕಿಸಿರುವುದು ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ, ಗರಿಷ್ಠ 100) 90ಕ್ಕಿಂತ ಹೆಚ್ಚಿರುವ, ಬೆಚ್ಚನೆ ಛಾಯೆಯ 3500 ಕೆಲ್ವಿನ್ ದೀಪಗಳು.

ದೂರು ಹೇಳಿದಾಗ ಬಂದ ಉತ್ತರ, "ನೀವು ಹಲಗೆ ಯಾವುದೆಂದು ಕೇಳಿರಲಿಲ್ಲವಲ್ಲ" ಎಂಬುದು. ಮಾತಿನಲ್ಲಿ ವಾಟರ್‌ಪ್ರೂಫ್ ಎಂದಿದ್ದರು; ಬಿಲ್ಲಿನಲ್ಲಿ ಮಾತ್ರ ವುಡ್ ವರ್ಕ್ ಎಂಬ ಒಂದೇ ಸಾಲು, ಒಂದು ಇಡಿಗಂಟಿನ ಮೊತ್ತ, ಅದರ ಮೇಲೆ ಶೇ. 18 ಜಿಎಸ್‌ಟಿ. ಗ್ರಾಹಕ ಆಯೋಗಕ್ಕೆ ಹೋಗೋಣವೆಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯನ್ನು ಹೊರಗಿಡುತ್ತದೆ, ಸ್ವಂತ ದುಡಿಮೆಯ ಜೀವನೋಪಾಯಕ್ಕಷ್ಟೇ ವಿನಾಯಿತಿಯಿದೆ ಎಂದು ವಕೀಲರು ತಿಳಿಸಿದರು. ನಾಲ್ಕು ಜನ ಕೆಲಸಗಾರರಿರುವ ನಮ್ಮ ಮಳಿಗೆಗೆ ಆ ದಾರಿ ಸುಲಭವಿರಲಿಲ್ಲ.

ಆದ್ದರಿಂದ ಹಲಗೆಯ ದರ್ಜೆಯನ್ನು ಕರಾರಿನಲ್ಲೇ ಬರೆಸಿರಿ. ಪ್ಲೈವುಡ್ ಆದರೆ ಐಎಸ್ 710 (ನೀರು ತಡೆಯುವ ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಎಂಬ ಮುದ್ರೆಯನ್ನು ಹಾಳೆಯ ಮೇಲೆ ನೋಡಿಯೇ ಕೊಯ್ಯಲು ಬಿಡಿ. ಸಾಮಾನ್ಯ ಬಳಕೆಯ ಪ್ಲೈವುಡ್‌ನ ಐಎಸ್ 303 ಅದಕ್ಕಿಂತ ಕೆಳಗಿನ ದರ್ಜೆ. ಪಡುವಣ ಗೋಡೆಯ ನೀರು ಇಂಗುವುದನ್ನು ಬೇಸಿಗೆಯಲ್ಲೇ ಸರಿಪಡಿಸಿ, ಕಪಾಟಿನ ಹಿಂದೆ ಗಾಳಿಗೆ ಎಡೆ ಬಿಡಿಸಿ. ನಮ್ಮ ಮಳಿಗೆಯನ್ನು ರಿಪೇರಿ ಮಾಡಿದ ಸಾಗರದ ಬಡಗಿಯೊಬ್ಬರು ಗೋಡೆಯ ಬುಡಕ್ಕೆ ನಾಲ್ಕು ಇಂಚಿನ ಬೂದು ಗ್ರಾನೈಟ್ ಪಟ್ಟಿಯನ್ನು ಗಾರೆಯ ಮಟ್ಟಕ್ಕೇ ಕೂರಿಸಿದ್ದಾರೆ. ನೋಟ ಮೊದಲಿನಷ್ಟೇ ಸರಳವಾಗಿದೆ, ನೀರು ಒಳಗೆ ಹೋಗುವುದಿಲ್ಲ. ಕೊನೆಯ ಕಂತನ್ನು ಪುಷ್ಯ ಮಳೆ ಮುಗಿದ ಮೇಲೆ ಕೊಡುವುದಾಗಿ ಮೊದಲೇ ಒಪ್ಪಿಸಿರಿ. ಅದಕ್ಕೆ ಒಪ್ಪದವರಿಗೆ ಮುಂಗಡ ಕೊಡಬೇಡಿ.