ಆರನೇ ತರಗತಿಗೆ ಊರ ಶಾಲೆಯೋ, ಮೊರಾರ್ಜಿ ಶಾಲೆಯೋ?

ಮೂಡಿಗೆರೆ ಕಡೆಯ ಪೋಷಕರಲ್ಲಿ ಈ ವಿಷಯಕ್ಕೆ ಎರಡು ಮಾತಿದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ 6ರಿಂದ 10ನೇ ತರಗತಿಯವರೆಗೆ ಊಟ, ವಸತಿ, ಪುಸ್ತಕ ಎಲ್ಲವೂ ಉಚಿತ. ಆದರೆ 5ನೇ ತರಗತಿಯಲ್ಲಿರುವಾಗಲೇ ಪ್ರವೇಶ ಪರೀಕ್ಷೆ ಬರೆಯಬೇಕು. ಅಷ್ಟು ಎಳೆಯ ಮಗುವನ್ನು ಬಿಟ್ಟಿರುವುದು ಹೇಗೆ ಎನ್ನುವ ತಾಯಂದಿರ ಸಂಕಟ ನನಗೂ ಅರ್ಥವಾಗುತ್ತದೆ. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟ, ಹಾಲು ಸಿಗುತ್ತದೆ, ಸಂಜೆಗೆ ಮಗು ಮನೆ ಸೇರುತ್ತದೆ. ಅದು ಸಣ್ಣ ಮಾತಲ್ಲ. ಆದರೆ 7ಕ್ಕೋ 8ಕ್ಕೋ ಅಲ್ಲಿನ ಓದು ಮುಗಿದು, ಮತ್ತೆ ಪ್ರೌಢಶಾಲೆ ಹುಡುಕಬೇಕು.

ಆಷಾಢದ ಮಳೆಯಲ್ಲಿ ತೋಟದ ದಾರಿ ಹಿಡಿದು ಹಳ್ಳ ದಾಟಬೇಕಾದ ಮಗುವಿಗೆ ನಾನು ವಸತಿ ಶಾಲೆಯನ್ನೇ ಹೇಳುತ್ತೇನೆ. ಶಾಲೆ ಮನೆಗೆ ಹತ್ತಿರವಿದ್ದರೆ ಊರ ಶಾಲೆಯೇ ಸರಿ. ಸೇರಿಸುವ ಮೊದಲು ಗಣಿತಕ್ಕೂ ಇಂಗ್ಲಿಷಿಗೂ ಕಾಯಂ ಶಿಕ್ಷಕರಿದ್ದಾರೆಯೇ ಎಂದು ಖುದ್ದಾಗಿ ಹೋಗಿ ವಿಚಾರಿಸಿ.